ರಿಜೆಕ್ಟ್ ಆದ ಕಾಸ್ಟಿಂಗ್ ಕಳಸ್ರಿ

ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿದು ಬಿಡಿಭಾಗ (ಕಾಸ್ಟಿಂಗ್) ಮಾಡುವ ಫೌಂಡ್ರಿಗಳು ಬೇಕಾದಷ್ಟಿವೆ. ಆದರೆ ಒಂದು ಫೌಂಡ್ರಿಯ ಮೋಲ್ಡರ್ (ಉಸುಕಿನಲ್ಲಿ ಅಚ್ಚು ಕಟ್ಟುವವನು) ಇನ್ನೊಂದು ಫೌಂಡ್ರಿಯವರ ಜೊತೆ ಕೆಲಸದ ಮಾತಾಡುವುದು ಅಪರೂಪ. ಕ್ವಾಲಿಟಿ ವಿಭಾಗದಲ್ಲಿರುವ ನನಗೆ ಇವರನ್ನೆಲ್ಲ ಒಂದು ಕಡೆ ಕೂರಿಸುವ ಆಸೆ ಬಹಳ ದಿನದ್ದು.

ಮೊದಲ ಸಲ ಹೋಟೆಲ್ ಹಾಲ್ ಹಿಡಿದೆವು. ಬ್ಯಾನರ್, ಶಾಲು, ಹಾರ, ಪ್ರೊಜೆಕ್ಟರ್. ದುಡ್ಡೆಲ್ಲ ಅಲ್ಲೇ ಕರಗಿತು. ಜನ ಇಂಗ್ಲಿಷ್ ಸ್ಲೈಡ್ ನೋಡುತ್ತ ಸುಮ್ನೆ ಕೂತರು, ಊಟ ಮಾಡಿ ಎದ್ದು ಹೋದರು. ಒಂದು ಪ್ರಶ್ನೆಯೂ ಬರಲಿಲ್ಲ. ತುಂಬ ಬೇಜಾರಾಯಿತು.

ಎರಡನೇ ಸಲ ಕೈಯಲ್ಲಿದ್ದದ್ದು 6,000 ರೂಪಾಯಿ. ಗೆಳೆಯರೊಬ್ಬರ ಪ್ಯಾಟರ್ನ್ ಶಾಪ್ (ಅಚ್ಚಿಗೆ ಬೇಕಾದ ಮಾದರಿ ಮಾಡುವ ಜಾಗ) ವಾರದ ರಜೆಯ ದಿನ ಖಾಲಿ ಇರುತ್ತದೆ, ಅದನ್ನೇ ಕೇಳಿಕೊಂಡೆ. 30 ಜನರಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ: "ನಿಮ್ಮಲ್ಲಿ ರಿಜೆಕ್ಟ್ ಆದ ಒಂದು ಕಾಸ್ಟಿಂಗ್ ಕಳಸ್ರಿ. ಸಣ್ಣದು ಸಾಕು." ಮಾಲೀಕರು ಹಿಂಜರಿದರು. ಗಿರಾಕಿಯ ಹೆಸರು ಹೊರಗೆ ಬಂದೀತು ಅನ್ನುವ ಅವರ ಚಿಂತೆ ಸರಿಯಾದದ್ದೇ. ಹಾಗಾಗಿ ಹಿಂದಿನ ದಿನವೇ ತರಿಸಿಕೊಂಡು, ಹೆಸರು ಮತ್ತು ಪಾರ್ಟ್ ನಂಬರ್ ಮೇಲೆ ಟೇಪ್ ಹಚ್ಚಿ, ಎಲ್ಲ ಅದಲು ಬದಲು ಮಾಡಿಟ್ಟೆ.

ಐದೈದು ಜನರ ಆರು ಮೇಜು. ಪ್ರತಿ ಮೇಜಿಗೆ ಐದು ಕಾಸ್ಟಿಂಗ್, ಒಂದು ಭೂತಗನ್ನಡಿ, ಒಂದು ಸುತ್ತಿಗೆ. ಮಾಲೀಕರು, ಇಂಜಿನಿಯರುಗಳು, ಮೋಲ್ಡರುಗಳು ಬೆರೆತು ಕೂರಬೇಕು. ಒಂದೇ ಫೌಂಡ್ರಿಯ ಇಬ್ಬರು ಒಂದೇ ಮೇಜಿಗೆ ಬೇಡ. ಇದೊಂದರಲ್ಲಿ ನಾನು ಹಟ ಹಿಡಿದೆ. ತನ್ನ ಸಾಹೇಬರ ಎದುರು ಯಾವ ಮೋಲ್ಡರ್ ಬಾಯಿ ಬಿಡುತ್ತಾನೆ ಹೇಳಿ?

ಒಂದು ಮೇಜಿನಲ್ಲಿ ತೂತು ಬಿದ್ದ ಕಾಸ್ಟಿಂಗ್ ಬಗ್ಗೆ ಜೋರು ವಾದ ಶುರುವಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರ್ ಹುಡುಗ ಅದು ಶ್ರಿಂಕೇಜ್ ಎಂದ. ಹಿರಿಯ ಮೋಲ್ಡರ್ ಒಬ್ಬರು ತೂತಿನೊಳಗೆ ಬೆರಳಾಡಿಸಿದರು. "ಇಲ್ಲೋ ತಮ್ಮಾ, ಒಳಗ ನುಣ್ಣಗ ಐತಿ. ಇದು ಗಾಳಿ. ಉಸುಕಿನ್ಯಾಗ ನೀರ ಜಾಸ್ತಿ ಆಗೇತಿ." ಕಬ್ಬಿಣ ಕುಗ್ಗಿ ಆದ ತೂತಾದರೆ ಒಳಗೆ ಒರಟಾಗಿರುತ್ತದೆ, ಆಗ ರೈಸರ್, ಅಂದರೆ ಕುಗ್ಗುವಾಗ ಹೆಚ್ಚುವರಿ ಕಬ್ಬಿಣ ಒದಗಿಸುವ ಅಚ್ಚಿನ ಭಾಗ, ಸರಿ ಮಾಡಬೇಕು. ಹಸಿ ಉಸುಕಿನ ಉಗಿ ಸಿಕ್ಕಿಕೊಂಡು ಆದದ್ದಾದರೆ ನುಣುಪು. ಅವರು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ವಿವರಿಸುತ್ತಿದ್ದರೆ ಬೇರೆ ಮೇಜಿನವರೂ ಎದ್ದು ಬಂದು ಸುತ್ತ ನಿಂತರು.

ಊಟ ಇಟ್ಟಿರಲಿಲ್ಲ. ಗಿರ್ಮಿಟ್, ಮಿರ್ಚಿ, ಎರಡು ಸಲ ಚಹಾ. ಕುಂದಾ ಮಾತ್ರ ಬಿಡಲು ಮನಸ್ಸಾಗಲಿಲ್ಲ, ಬೆಳಗಾವಿ ಅಲ್ವಾ.

ಒಂದು ಗಂಟೆಗೆ ಮುಗಿಯಬೇಕಿತ್ತು. ಎರಡೂವರೆಗೂ ಆ ಹಿರಿಯರ ಸುತ್ತ ಏಳೆಂಟು ಜನ ಇದ್ದರು. ಮುಂದಿನ ಸಲ ಪ್ರತಿಯೊಬ್ಬರೂ ತಮ್ಮ ಫೌಂಡ್ರಿಯ ಉಸುಕು ಒಂದೊಂದು ಡಬ್ಬಿ ತರಬೇಕು ಎಂದು ಹೇಳಿದ್ದೇನೆ. ಮುಷ್ಟಿಯಲ್ಲಿ ಹಿಡಿದು ನೋಡಿ ತೇವ ಎಷ್ಟಿದೆ ಎಂದು ಹೇಳಿಕೊಡಲು ಆ ಹಿರಿಯರು ಒಪ್ಪಿದ್ದಾರೆ.