ಕೊರಕಲಿನ ತಣ್ಣೀರಿಗೆ ಸೂಟ್ ಆರಿಸಿದ್ದು ಹುಬ್ಬಳ್ಳಿಯ ಮಾಳಿಗೆ ಮೇಲೆ

ಹಗ್ಗಕ್ಕೆ 8ರ ಆಕಾರದಲ್ಲಿ ಹಾಕುವ ಎಂಟರ ಗಂಟು ನನಗೆ ಕಣ್ಣು ಮುಚ್ಚಿಕೊಂಡೂ ಹಾಕಲು ಬರುತ್ತದೆ. ಬಾದಾಮಿಯ ಬಂಡೆಗಳ ಮೇಲೆ ಹತ್ತು ವರ್ಷ ಹಗ್ಗ ಹಿಡಿದಿದ್ದೇನೆ. ಆದರೂ ಒಂದು ದಿನ ಆ ಗಂಟು ನನ್ನ ಕೈಗೆ ಬರಲಿಲ್ಲ.

ಅಕ್ಕ ಅಮೆರಿಕದ ಯೂಟಾದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಅಲ್ಲಿನ ಮೂವರು ಗೆಳೆಯರ ಜೊತೆ ಝಿಯಾನ್ ನ್ಯಾಷನಲ್ ಪಾರ್ಕಿನ 'ಸಬ್‌ವೇ' ಕೊರಕಲಿಗೆ ಇಳಿದೆ. ಪರ್ಮಿಟ್ ಇಲ್ಲದೆ ಅಲ್ಲಿಗೆ ಬಿಡುವುದಿಲ್ಲ. ಮೇಲಿನಿಂದ ಕೆಳಗೆ ಸುಮಾರು 15 ಕಿಲೋಮೀಟರ್ ದಾರಿ. ನಡುವೆ ಹಗ್ಗ ಕಟ್ಟಿ ಇಳಿಯಬೇಕು, ಮಡುಗಳಲ್ಲಿ ಈಜಬೇಕು. ಎರಡೂ ಕಡೆ ಬಂಡೆಗೋಡೆ, ಬಿಸಿಲು ಕೆಳಗಿಳಿಯುವುದೇ ಅಪರೂಪ. ಅಕ್ಟೋಬರ್ ಕೊನೆಯ ವಾರ ಅದು. ಮೇಲೆ ಹಿತವಾದ ಬಿಸಿಲಿತ್ತು. ಮಡುವಿನಲ್ಲಿ ನನ್ನ ಥರ್ಮಾಮೀಟರ್ 9 ಡಿಗ್ರಿ ತೋರಿಸಿತು.

ನಾನು ಹಾಕಿದ್ದು ಬಾಡಿಗೆಯ ವೆಟ್‌ಸೂಟ್, ಅಂದರೆ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ಉಡುಪು. ಅಂಗಡಿಯವರು ಎತ್ತರ, ತೂಕ ಕೇಳಿ ಒಂದು ಸೂಟ್ ಕೊಟ್ಟರು. ಹಾಕಿಕೊಂಡಾಗ ಆರಾಮಾಗಿತ್ತು, ಅದಕ್ಕೇ ಖುಷಿಪಟ್ಟೆ. ಆರಾಮಾಗಿದೆ ಅಂದರೆ ಸಡಿಲ ಇದೆ ಅಂತ ಆಗ ಗೊತ್ತಿರಲಿಲ್ಲ. ಪ್ರತಿ ಸಲ ಕೈ ಎತ್ತಿ ಈಜಿದಾಗಲೂ ಕುತ್ತಿಗೆಯಿಂದ ಹೊಸ ತಣ್ಣೀರು ಒಳಗೆ ಇಳಿಯುತ್ತಿತ್ತು, ಸೊಂಟದ ಹಿಂದೆ ಚೀಲದ ಹಾಗೆ ನಿಲ್ಲುತ್ತಿತ್ತು. ಎರಡನೇ ಮಡು ದಾಟಿ ಹಗ್ಗದ ಹತ್ತಿರ ಪಾಳಿಗಾಗಿ ನಿಂತೆ. ಹತ್ತು ನಿಮಿಷ ಆಗಿರಬಹುದು. ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಕ್ಯಾರಬಿನರ್‌ನ ತಿರುಪು ತಿರುಗಿಸಲು ಹೋದರೆ ಹೆಬ್ಬೆರಳು ಮಾತು ಕೇಳಲಿಲ್ಲ. ಗೆಳೆಯ ಗಂಟು ಹಾಕಿಕೊಟ್ಟ, ತಿರುಪು ಬಿಗಿ ಮಾಡಿ ಎರಡು ಸಲ ನೋಡಿದ, ಆಮೇಲೆ ಇಳಿದೆ. ಅವನು ಇಲ್ಲದಿದ್ದರೆ? ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಊರಿಗೆ ಬಂದ ಮೇಲೆ ಸೂಟ್ ವಿಚಾರ ಸರಿಯಾಗಿ ತಿಳಿದುಕೊಳ್ಳಲು ಕೂತೆ. ವೆಟ್‌ಸೂಟ್ ಒಳಗೆ ನೀರು ಬರುತ್ತದೆ, ಮೈ ಬಿಸಿಗೆ ಆ ನೀರು ಬೆಚ್ಚಗಾಗಿ ನಮ್ಮನ್ನು ಕಾಪಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ವೆಟ್‌ಸೂಟ್ ಮಾಡುವ ನಿಯೋಪ್ರೀನ್ ಅಂದರೆ ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ರಬ್ಬರ್. ಬೆಚ್ಚಗೆ ಇಡುವುದು ಆ ಗುಳ್ಳೆಗಳು. ಮೈ ಒದ್ದೆಯಾದರೂ ಪರವಾಗಿಲ್ಲ, ಗುಳ್ಳೆಗಳಿದ್ದರೆ ಸಾಕು ಎಂದು 1950ರ ದಶಕದ ಶುರುವಿನಲ್ಲೇ ಹೊಳೆದದ್ದು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಅವರಿಗೆ. ಒಳಗಿನ ನೀರು ತೆಳ್ಳಗಿದ್ದಷ್ಟೂ, ಅಲ್ಲಾಡದೆ ನಿಂತಷ್ಟೂ ಒಳ್ಳೆಯದು. ಅದಕ್ಕೇ ಸೂಟ್ ಮೈಗೆ ಅಂಟಿದ ಹಾಗಿರಬೇಕು.

ಡ್ರೈಸೂಟ್ ಲೆಕ್ಕವೇ ಬೇರೆ. ಅದೊಂದು ನೀರು ಹೋಗದ ತೆಳು ಚೀಲ. ಕುತ್ತಿಗೆಗೆ, ಮಣಿಕಟ್ಟಿಗೆ ರಬ್ಬರಿನ ಬಿಗಿ ಪಟ್ಟಿ, ನೀರು ನುಗ್ಗದ ಝಿಪ್. ಈ ತೆಳು ಬಟ್ಟೆ ತಾನೇ ಬೆಚ್ಚಗಿಡುವುದಿಲ್ಲ. ಒಳಗೆ ಹಾಕುವ ಉಣ್ಣೆ ಅಥವಾ ಫ್ಲೀಸ್ ಬೆಚ್ಚಗಿಡುತ್ತದೆ. ಹತ್ತಿ ಬನಿಯನ್ ಹಾಕಿದರೆ ಬೆವರಿಗೇ ಒದ್ದೆಯಾಗಿ ಚಳಿ ಹತ್ತುತ್ತದೆ. ನೀರಿಗಿಳಿಯುವ ಮುಂಚೆ ಕುಕ್ಕರಗಾಲಲ್ಲಿ ಕೂತು, ಕುತ್ತಿಗೆಪಟ್ಟಿ ಎಳೆದು ಒಳಗಿನ ಗಾಳಿ ಹೊರಗೆ ಬಿಡಬೇಕು. ಬಿಡದಿದ್ದರೆ ಗಾಳಿಯೆಲ್ಲ ಕಾಲಿನ ಕಡೆ ಸೇರಿ ಈಜುವುದೇ ಕಷ್ಟ.

ಇಷ್ಟು ಗೊತ್ತಾದರೂ ಯಾವುದು ನನಗೆ ಅನ್ನುವುದು ತೀರ್ಮಾನವಾಗಲಿಲ್ಲ. ಹುಬ್ಬಳ್ಳಿಯಲ್ಲಿ 9 ಡಿಗ್ರಿ ನೀರು ಎಲ್ಲಿಂದ ತರುವುದು? ಉಣಕಲ್ ಕೆರೆ ಡಿಸೆಂಬರ್‌ನಲ್ಲೂ ಅಷ್ಟು ತಣ್ಣಗಾಗುವುದಿಲ್ಲ. ಕೊನೆಗೆ ಮಾಳಿಗೆ ಮೇಲೆ 200 ಲೀಟರಿನ ನೀಲಿ ಡ್ರಮ್ ಇಟ್ಟೆ. ಮುಕ್ಕಾಲಿಗಿಂತ ಕಮ್ಮಿ ನೀರು ತುಂಬಿಸಿದೆ. ಐಸ್ ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ಸುಮಾರು 30 ಕೆ.ಜಿ. ಐಸ್ ತಂದು ಒಡೆದು ಹಾಕಿದೆ. ಒಂದು ತಾಸಿನಲ್ಲಿ 10 ಡಿಗ್ರಿಗೆ ಬಂತು.

"ವಾರಕ್ಕೊಮ್ಮೆ ಬರೂ ನೀರು. ಅದರಾಗ ಐಸ್ ಹಾಕ್ಕೊಂಡು ಕುಂದರತೀಯೇನೋ ಯಪ್ಪಾ?" ಅಂದಳು ಅವ್ವ. ಸಂಜೆ ಆ ನೀರನ್ನು ಗಿಡಕ್ಕೆ ಹಾಕುತ್ತೇನೆ ಅಂತ ಮಾತು ಕೊಟ್ಟ ಮೇಲೆ ಒಪ್ಪಿದಳು. ಟವೆಲ್, ಬಿಸಿ ಕಷಾಯ ಹಿಡಿದು ಪಕ್ಕದಲ್ಲೇ ಕೂತಳು. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಒಬ್ಬರೇ ಇದನ್ನು ಮಾಡಬೇಡಿ. ತಣ್ಣೀರಿಗೆ ಇಳಿದ ಮೊದಲ ಒಂದೆರಡು ನಿಮಿಷ ಉಸಿರು ಕೈಗೆ ಸಿಗುವುದಿಲ್ಲ.

ಕೊರಕಲಿನಲ್ಲಿ ನನ್ನ ಕೈ ಹೋದದ್ದು ಈಜುವಾಗ ಅಲ್ಲ, ಒದ್ದೆಯಾಗಿ ಗಾಳಿಗೆ ನಿಂತಾಗ. ಹಾಗಾಗಿ ಡ್ರಮ್ಮಿನಲ್ಲಿ 15 ನಿಮಿಷ ಕೂತೆ, ಎದ್ದು ಟೇಬಲ್ ಫ್ಯಾನ್ ಮುಂದೆ 20 ನಿಮಿಷ ಒದ್ದೆಯಾಗೇ ನಿಂತೆ. ಆಮೇಲೆ ಎಂಟರ ಗಂಟು ಹಾಕಿ, ಕ್ಯಾರಬಿನರ್ ತಿರುಪು ಬಿಗಿ ಮಾಡಬೇಕು. ಅಷ್ಟೇ ಪರೀಕ್ಷೆ.

ಮೊದಲ ಭಾನುವಾರ ಗೆಳೆಯನಿಂದ ತಂದ 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್. ಡ್ರಮ್ಮಿನಲ್ಲಿ ತಡೆದುಕೊಂಡೆ. ಫ್ಯಾನ್ ಮುಂದೆ ಹನ್ನೊಂದನೇ ನಿಮಿಷಕ್ಕೆ ದವಡೆ ನಡುಗಲು ಶುರುವಾಯಿತು. "ಬೆರಳು ನೋಡು, ಹೆಂಗ್ ಬೆಳ್ಳಗಾಗ್ಯಾವ್. ಸಾಕ್ ಮಾಡು," ಅಂತ ಅವ್ವ ಫ್ಯಾನ್ ಬಂದ್ ಮಾಡಿದಳು.

ಮುಂದಿನ ವಾರ 5 ಮಿಲಿಮೀಟರಿನ ಎರಡು ತುಂಡಿನ ಸೂಟ್. ಕೆಳಗೆ ತೋಳಿಲ್ಲದ ಉದ್ದ ಪ್ಯಾಂಟು, ಎದೆವರೆಗೆ ಬರುತ್ತದೆ. ಮೇಲೆ ಟೋಪಿ ಸಮೇತ ಜಾಕೆಟ್. ಎದೆ ಹೊಟ್ಟೆಯ ಮೇಲೆ ಎರಡೂ ಸೇರಿ 10 ಮಿಲಿಮೀಟರ್. 20 ನಿಮಿಷ ನಿಂತೆ, ಗಂಟು ಬಂತು. ಅದರ ಮೇಲೆ ಮಳೆಗಾಲದ ವಿಂಡ್‌ಚೀಟರ್ ಹಾಕಿ ಇನ್ನೊಂದು ದಿನ ನಿಂತೆ. ಇಷ್ಟು ವ್ಯತ್ಯಾಸ ಆಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಸೂಟಿನ ಹೊರಬಟ್ಟೆ ಒದ್ದೆಯಾಗಿರುತ್ತದೆ, ಗಾಳಿ ಆ ನೀರನ್ನು ಆರಿಸುತ್ತಾ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಮನೆಯಲ್ಲೇ ಇದ್ದ ಜಾಕೆಟ್ ಅದನ್ನು ನಿಲ್ಲಿಸಿತು. ಕೈಗವಸು 2 ಮಿಲಿಮೀಟರಿನದು ಸಾಕು. 5ರದು ಹಾಕಿದರೆ ಹಗ್ಗವೇ ಬೆರಳಿಗೆ ಗೊತ್ತಾಗುವುದಿಲ್ಲ.

ಡ್ರೈಸೂಟ್ ಕೂಡ ಡ್ರಮ್ಮಿನಲ್ಲಿ ನೋಡಿದೆ. ಮಾಳಿಗೆ ಮೇಲೆ ಅದೇ ಎಲ್ಲಕ್ಕಿಂತ ಬೆಚ್ಚಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ನಾನು ಅದನ್ನು ಕೊಳ್ಳಲಿಲ್ಲ. ಸಬ್‌ವೇಯಲ್ಲಿ ನಮ್ಮ ಜೊತೆ ಒಬ್ಬ ಡ್ರೈಸೂಟ್ ಹಾಕಿದ್ದ. ಮರಳುಗಲ್ಲಿನ ಮೇಲೆ ಕೂತು ಜಾರಿದಾಗ ತೊಡೆಯ ಹಿಂದೆ ಬೆರಳುದ್ದ ಹರಿಯಿತು. ಮುಂದಿನ ಮಡುವಿನಲ್ಲಿ ನೀರು ಒಳಗೆ ನುಗ್ಗಿ ಫ್ಲೀಸ್ ಎಲ್ಲ ತೊಯ್ದು ಹೋಯಿತು. ಮಡುವಿನಿಂದ ಮೇಲೆ ಬರುವಾಗ ಅವನ ಎರಡೂ ಕಾಲು ಕೊಡಪಾನದ ಹಾಗೆ ತುಂಬಿದ್ದವು, ಎತ್ತಿ ಇಡಲಾಗಲಿಲ್ಲ. ನಾವಿಬ್ಬರು ಭುಜ ಹಿಡಿದು ಎಳೆದೆವು. ಅದೇ ಜಾಗದಲ್ಲಿ ವೆಟ್‌ಸೂಟ್ ಬೆರಳುದ್ದ ಹರಿದಿದ್ದರೆ ಆ ಜಾಗಕ್ಕೆ ಮಾತ್ರ ತಣ್ಣಗಾಗುತ್ತಿತ್ತು. ಉಳಿದ ಗುಳ್ಳೆಗಳು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ನಾನು ಸೂಟ್ ಆರಿಸಿದ್ದು ಇದೊಂದೇ ಲೆಕ್ಕದ ಮೇಲೆ: ಹರಿದ ಮೇಲೂ ಅದು ನನ್ನನ್ನು ಹೊರಗೆ ತರಬೇಕು.

ಬಂಡೆ ಉಜ್ಜದ, ಗಂಟೆಗಟ್ಟಲೆ ನೀರಲ್ಲಿ ನಡೆಯುವ ದಾರಿಗೆ ಡ್ರೈಸೂಟೇ ಸರಿ. ಝಿಯಾನ್‌ನ 'ನ್ಯಾರೋಸ್' ಕಣಿವೆಯಲ್ಲಿ ಚಳಿಗಾಲದಲ್ಲಿ ನಡೆಯುವವರು ಅದನ್ನೇ ಹಾಕುತ್ತಾರೆ. ನಮ್ಮ ಸಹ್ಯಾದ್ರಿಯ ಕೊರಕಲುಗಳಿಗಂತೂ 3 ಮಿಲಿಮೀಟರ್ ಧಾರಾಳ ಸಾಕು. ಸುಮ್ನೆ ಜಾಸ್ತಿ ದಪ್ಪದ್ದು ಹಾಕಿ ಬೆವರಬೇಡಿ.

ಅಳತೆ ನೋಡುವಾಗ ಕನ್ನಡಿ ಮುಂದೆ ನಿಂತರೆ ಏನೂ ಗೊತ್ತಾಗುವುದಿಲ್ಲ. ಎರಡೂ ಕೈ ಮೇಲೆತ್ತಿ, ಕುಕ್ಕರಗಾಲಲ್ಲಿ ಕೂತು ಏಳಿ. ಸೊಂಟದ ಹಿಂದೆ ಬಟ್ಟೆ ಮೈ ಬಿಟ್ಟರೆ ಅಲ್ಲಿ ನೀರು ನಿಲ್ಲುತ್ತದೆ. ಮಂಡಿಯ ಹಿಂದೆ ನೆರಿಗೆ ಬಿದ್ದರೆ ಕಾಲು ಉದ್ದವಾಯಿತು ಅಂತ ಅರ್ಥ. ನನಗೆ ಎದೆಗೆ ಸರಿಹೋದದ್ದು ಕಾಲಿಗೆ ಉದ್ದವಾಗುತ್ತಿತ್ತು. ಎರಡು ತುಂಡಿನದು ತಗೊಂಡಿದ್ದಕ್ಕೆ ಅದೂ ಒಂದು ಕಾರಣ. ಮೇಲಿನದು ಒಂದು ಅಳತೆ, ಕೆಳಗಿನದು ಇನ್ನೊಂದು.

ಕೊರಕಲಲ್ಲಿ ಮೊದಲು ಸವೆಯುವುದು ಕೂರುವ ಜಾಗ. ಅಲ್ಲಿಗೆ ತೇಪೆ ಹಾಕಿಸಲು ಬೈಕ್ ಸೀಟ್ ಕವರ್ ಹೊಲಿಯುವವರ ಹತ್ತಿರ ಹೋದೆ. ಅವರು ನಿಯೋಪ್ರೀನನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದರು. "ಬಾಳ ಮೆತ್ತಗೈತ್ರಿ ಸರ್. ಸೂಜಿ ಹೊಡದಲ್ಲೆಲ್ಲಾ ತೂತ ಬೀಳ್ತಾವ್ರಿ," ಅಂದರು. ಸಣ್ಣ ತೂತು ಬಿದ್ದರೆ ನಡೆಯುತ್ತದೆ, ಆದರೆ ಹೊಲಿಗೆ ಒತ್ತೊತ್ತಾಗಿ ಬೇಡ ಅಂದೆ. ಸ್ಕೂಲ್ ಬ್ಯಾಗಿನ ದಪ್ಪ ನೈಲಾನ್ ಬಟ್ಟೆ ಕತ್ತರಿಸಿ, ನಾನು ಒಯ್ದಿದ್ದ ನಿಯೋಪ್ರೀನ್ ಅಂಟನ್ನು ಎರಡೂ ಕಡೆ ತೆಳ್ಳಗೆ ಸವರಿ, ಆರಿದ ಮೇಲೆ ಇನ್ನೊಮ್ಮೆ ಸವರಿ ಒತ್ತಿದರು. ಅಂಚಿಗೆ ಮಾತ್ರ ದೊಡ್ಡ ಹೊಲಿಗೆ. ಮೊದಲು ನಾನೇ ಮನೆಯಲ್ಲಿ ಪಂಕ್ಚರ್ ಸೊಲ್ಯೂಷನ್‌ನಿಂದ ಅಂಟಿಸಿದ್ದ ತೇಪೆ ಒಂದೇ ದಿನಕ್ಕೆ ಎದ್ದು ಬಂದಿತ್ತು. ಇವರು ಹಾಕಿದ್ದು ಇನ್ನೂ ಗಟ್ಟಿ ಇದೆ. ಇಂಥ ತೇಪೆಯನ್ನು ಡ್ರೈಸೂಟಿಗೆ ಹಾಕುವ ಹಾಗೇ ಇಲ್ಲ. ಒಂದು ಸೂಜಿತೂತು ಬಿದ್ದರೂ ಸೋರುತ್ತದೆ.

ಎರಡು ವರ್ಷ ಬಿಟ್ಟು ಅದೇ ಸಬ್‌ವೇಗೆ, ಅದೇ ತಿಂಗಳಲ್ಲಿ ಹೋದೆ. ಹಗ್ಗದ ಹತ್ತಿರ ಈ ಸಲ ಕಾಲು ಗಂಟೆ ಕಾಯಬೇಕಾಯಿತು. ವಿಂಡ್‌ಚೀಟರ್ ಹಾಕಿಕೊಂಡೆ. ಗಂಟು ನಾನೇ ಹಾಕಿದೆ.

ಸೂಟ್ ಈಗ ಹಿಂದಿನ ಕೋಣೆಯಲ್ಲಿ ದಪ್ಪ ಹ್ಯಾಂಗರಿಗೆ ನೇತಾಡುತ್ತಿದೆ. ತೊಳೆದ ಮೇಲೆ ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸುತ್ತೇನೆ. ನಮ್ಮ ಏಪ್ರಿಲ್ ಬಿಸಿಲಿಗೆ ಹಾಕಿದರೆ ರಬ್ಬರ್ ಬೇಗ ಬಿರುಸಾಗುತ್ತದೆ. ಧಾರವಾಡದ ಇಬ್ಬರು ಹುಡುಗರು ಮುಂದಿನ ವರ್ಷ ನನ್ನ ಜೊತೆ ಬರುತ್ತೇವೆ ಅಂದಿದ್ದಾರೆ. ಇದೇ ಭಾನುವಾರ ಅವರ ಪಾಳಿ, ಡ್ರಮ್ ತೊಳೆದು ಇಟ್ಟಿದ್ದೇನೆ.