ಅರವತ್ತರ ಕಿವಿಗೆ ಯಾವ ಟ್ವೀಟರ್?

ನಮ್ಮ ಭಾವನವರಿಗೆ ಅರವತ್ತೆರಡು. ಹೊಸ ಸ್ಪೀಕರ್ ತಂದ ದಿನ ಫೋನ್ ಮಾಡಿ, "ಹಾಡೋರು ಉಸಿರು ಎಳೆಯೋದೂ ಕೇಳತ್ತೆ ಕಣೋ" ಎಂದಿದ್ದರು. ಮೂರು ವಾರ ಬಿಟ್ಟು ಹೋದರೆ ಎರಡೂ ಟ್ವೀಟರ್ (ಸ್ಪೀಕರ್ ಪೆಟ್ಟಿಗೆಯಲ್ಲಿ ತೀಕ್ಷ್ಣ ದನಿ ಹೊರಡಿಸುವ ಪುಟ್ಟ ಭಾಗ) ಮೇಲೆ ಕರವಸ್ತ್ರ ಇಳಿಬಿಟ್ಟಿದ್ದರು. "ಸ, ಶ ಬಂದಾಗೆಲ್ಲ ಸೂಜಿ ಚುಚ್ಚಿದ ಹಾಗಾಗತ್ತೆ." ಇದೇ ತಪ್ಪನ್ನು ಇನ್ನೂ ಎಷ್ಟೋ ಜನ ಮಾಡಿದ್ದನ್ನು ನೋಡಿದ್ದೇನೆ.

ತಪ್ಪಿನ ಬುಡ ಇಲ್ಲಿದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾ ಇದೆ. ಅದರ ಬಾಗಿಲ ಹತ್ತಿರದ ಸೂಕ್ಷ್ಮ ಕೂದಲ ಕೋಶಗಳು ತೀಕ್ಷ್ಣ ದನಿಗಳನ್ನು ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸೊರಗುವುದು ಅವೇ, ಮತ್ತೆ ಹುಟ್ಟುವುದೂ ಇಲ್ಲ. ತೀಕ್ಷ್ಣ ದನಿ ಕಡಿಮೆ ಕೇಳುತ್ತದೆ ಅಂದಮೇಲೆ ಟ್ವೀಟರ್ ಜೋರಾಗಿರೋ ಸ್ಪೀಕರ್ ತಂದರೆ ಸರಿಹೋಯಿತು, ಅಲ್ವಾ? ಇಲ್ಲ. ಮೆಲ್ಲಗಿನ ಸದ್ದು ಕೇಳದ ಕಿವಿಗೂ ಜೋರು ಸದ್ದು ಹೆಚ್ಚುಕಡಿಮೆ ಮೊದಲಿನಷ್ಟೇ ಜೋರಾಗಿ ಕೇಳುತ್ತದೆ. 'ಕೇಳ್ತಿಲ್ಲ'ಕ್ಕೂ 'ಸಾಕಪ್ಪಾ'ಕ್ಕೂ ನಡುವಿನ ಜಾಗ ಕಿರಿದಾಗಿರುತ್ತದೆ, ಅಷ್ಟೇ.

1. ಕಿವಿ ಎಲ್ಲಿಯವರೆಗೆ ಅಂತ ನೋಡಿಕೊಳ್ಳಿ. ಟೋನ್ ಜನರೇಟರ್ ಆ್ಯಪ್ (ಬೇಕಾದ ಹರ್ಟ್ಜ್‌ನ ದನಿ ನುಡಿಸುವಂಥದ್ದು), ತಂತಿ ಇರುವ ಇಯರ್‌ಫೋನ್ ಸಾಕು. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ; ಅದು ಹೆಚ್ಚಿದಷ್ಟೂ ದನಿ ತೀಕ್ಷ್ಣ. 1,000 ಹರ್ಟ್ಜ್‌ನಲ್ಲಿ ಹಿತವಾದ ವಾಲ್ಯೂಮ್ ಇಟ್ಟು, ಆಮೇಲೆ ಅದನ್ನು ಮುಟ್ಟದೆ ಮೇಲೇರಿ. ಕೇಳುತ್ತಿಲ್ಲ ಅಂತ ವಾಲ್ಯೂಮ್ ಏರಿಸಬೇಡಿ, ಅದು ಕಿವಿಗೇ ಅಪಾಯ. ಟೋನ್ ಶುರುವಾಗುವಾಗ ಬರುವ 'ಟಕ್' ಲೆಕ್ಕಕ್ಕಿಲ್ಲ. ಅರವತ್ತರ ಆಸುಪಾಸಿನಲ್ಲಿ 10,000–12,000ಕ್ಕೇ ನಿಂತುಹೋದರೆ ಗಾಬರಿ ಬೇಡ. ಆದರೆ ಒಂದು ಕಿವಿ ಮಾತ್ರ ದಿಢೀರ್ ಮಂಕಾಗಿದ್ದರೆ ಸ್ಪೀಕರ್ ವಿಷಯ ಬಿಟ್ಟು ಇವತ್ತೇ ವೈದ್ಯರ ಹತ್ತಿರ ಹೋಗಿ.

2. ಡಬ್ಬದ ಮೇಲಿನ '40,000 ಹರ್ಟ್ಜ್' ಮರೆತುಬಿಡಿ. ಇಪ್ಪತ್ತರ ಹುಡುಗರಿಗೇ ಅದು ಕೇಳುವುದಿಲ್ಲ. 20ರಿಂದ 20,000 ಹರ್ಟ್ಜ್‌ವರೆಗೆ ಸುಮಾರು ಹತ್ತು ಸ್ಥಾಯಿಗಳಿವೆ. 10,000ದ ಮೇಲಿರುವುದು ಅದರಲ್ಲಿ ಒಂದೇ. ಪಿಯಾನೋದ ಕೊನೆಯ ಮಣೆಯ ಮೂಲ ಸ್ವರವೇ 4,186 ಹರ್ಟ್ಜ್. ನಮ್ಮ ಕೆಲಸವೆಲ್ಲ 2,000ದಿಂದ 8,000ದ ನಡುವೆ.

3. ಕೇಳಿ ಹೋಲಿಸಿ. ಎಲ್ಲರೂ ಎಡವುವುದು ಇಲ್ಲೇ. ಎರಡು ಸ್ಪೀಕರ್‌ಗಳಲ್ಲಿ ಒಂದು ಚೂರು ಜೋರಾಗಿದ್ದರೂ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸವೂ ಮೋಸ ಮಾಡುತ್ತದೆ. ಹಾಗಾಗಿ ಮೊದಲು ಪಿಂಕ್ ನಾಯ್ಸ್ (ಎಲ್ಲ ಸ್ಥಾಯಿಗಳೂ ಸಮವಾಗಿ ಬೆರೆತ, ಮಳೆ ಸುರಿದಂಥ ಸದ್ದು) ಹಾಕಿ, ಕೂರುವ ಜಾಗದಲ್ಲೇ ಫೋನಿನ ಸೌಂಡ್ ಮೀಟರ್ ಹಿಡಿದು ಎರಡನ್ನೂ ಸಮ ಮಾಡಿ. ಫೋನು ತೋರಿಸುವ ಅಂಕಿ ನಿಖರವಲ್ಲದಿದ್ದರೂ ಹೋಲಿಕೆಗೆ ಸಾಕು.

ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೇ ಇರಲಿ. ಸ್ಪೀಕರ್ ನೆಲದ ಮೇಲಿಟ್ಟು ಕೇಳಿ 'ಮಂಕು' ಅಂತ ತಿರಸ್ಕರಿಸಿದವರಿದ್ದಾರೆ. ತೀಕ್ಷ್ಣ ದನಿ ಟಾರ್ಚ್ ಬೆಳಕಿನಂತೆ ನೇರ ಹೋಗುತ್ತದೆ, ಪಕ್ಕಕ್ಕೆ ಸರಿದರೆ ಕಡಿಮೆ.

ಥಳುಕಿನ ಡೆಮೋ ಹಾಡು ಬೇಡ. ಹೆಂಗಸೊಬ್ಬರು ಹಾಡಿದ್ದು, ಸುಮ್ನೆ ಒಬ್ಬರು ಮಾತಾಡಿದ್ದು, ಒಂದಿಷ್ಟು ಚಪ್ಪಾಳೆ ಸಾಕು. ಮೊದಲು ತೀರಾ ಮೆಲ್ಲಗೆ ಇಡಿ: ಚ, ಸ, ಫ ಬಿಡಿಬಿಡಿಯಾಗಿ ಗೊತ್ತಾಗಬೇಕು. ಆಮೇಲೆ ಸ್ವಲ್ಪ ಜೋರು ಮಾಡಿ: ಅದೇ ಸ, ಶ ಸೀಳಬಾರದು. ಚಪ್ಪಾಳೆ ಅಂಗೈಯಿಂದ ಬಂದಂತಿರಬೇಕು, ಎಣ್ಣೆಯಲ್ಲಿ ಒಗ್ಗರಣೆ ಸಿಡಿದಂತಲ್ಲ. ಎರಡೂ ಪರೀಕ್ಷೆ ಪಾಸಾದದ್ದನ್ನು ಒಂದು ಗಂಟೆ ಕೇಳಿ. ಹತ್ತು ನಿಮಿಷಕ್ಕೆ ಯಾವಾಗಲೂ ಗೆಲ್ಲುವುದು ಚುರುಕಿನದ್ದು. ಗಂಟೆ ಕಳೆದಾಗ ನಿಮ್ಮ ಕೈ ತಾನಾಗಿ ವಾಲ್ಯೂಮ್ ಇಳಿಸಲು ಹೋಗುತ್ತಿದ್ದರೆ ಅದು ನಿಮಗಲ್ಲ.

ಟ್ವೀಟರಿನ ಡೋಮ್ (ಕಂಪಿಸುವ ಪುಟ್ಟ ಗುಮ್ಮಟ) ರೇಷ್ಮೆಯದ್ದೋ, ಲೋಹದ್ದೋ? ಲೋಹದ ಡೋಮ್ ಕರ್ಕಶ ಅನ್ನೋದು ಅರ್ಧ ಸತ್ಯ. ಅದರ ಕಂಪನದ ತೊಂದರೆ ಸಾಮಾನ್ಯವಾಗಿ 20,000 ಹರ್ಟ್ಜ್‌ಗೂ ಮೇಲೆ, ನಮಗೆ ಕೇಳದ ಜಾಗದಲ್ಲಿರುತ್ತದೆ. ಚುಚ್ಚುವುದಕ್ಕೆ ಜಾಸ್ತಿ ಕಾರಣ 3,000–6,000ದ ನಡುವಿನ ಉಬ್ಬು, ಕೆಟ್ಟ ಕ್ರಾಸ್‌ಓವರ್ (ತೀಕ್ಷ್ಣ ದನಿಯನ್ನು ಟ್ವೀಟರ್‌ಗೆ, ಉಳಿದದ್ದನ್ನು ದೊಡ್ಡ ಕೋನ್‌ಗೆ ಹಂಚುವ ಸರ್ಕ್ಯೂಟ್). ಆದರೂ ಎರಡೂ ಸಮ ಅನ್ನಿಸಿದರೆ ನಾನಂತೂ ರೇಷ್ಮೆಯದ್ದೇ ತರುತ್ತೇನೆ. ಟ್ವೀಟರ್ ಜಾಗದಲ್ಲಿ ಹೊಳೆಯುವ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿದ ಅಗ್ಗದ ಸ್ಪೀಕರ್‌ಗಳೂ ಇವೆ, ಹುಷಾರು.

4. ಮನೆಯಲ್ಲಿ ಕೂರಿಸಿ. ಚುಚ್ಚಿದರೆ ಸ್ಪೀಕರನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಮಂಕಾದರೆ ನಿಮ್ಮ ಕಡೆಗೆ. ಭಾವನವರ ಕರವಸ್ತ್ರ ಹೊರಬಂದದ್ದೂ ಹೀಗೆಯೇ.

5. ಟ್ರೆಬಲ್ ನಾಬ್ ಕೊನೆಗೆ. ಎರಡು ಮೂರು ಡೆಸಿಬೆಲ್ ಏರಿಸಿದರೆ ತಪ್ಪಿಲ್ಲ. ಹತ್ತು ಡೆಸಿಬೆಲ್ ಅಂದರೆ ಟ್ವೀಟರ್‌ಗೆ ಹತ್ತು ಪಟ್ಟು ವಿದ್ಯುತ್, ಅದರ ಕೂದಲೆಳೆ ತಂತಿ ಸುಟ್ಟೇ ಹೋಗಬಹುದು.

ಶ್ರವಣ ಸಾಧನ ಹಾಕುವವರು ಇದಿಷ್ಟನ್ನೂ ಅದನ್ನು ಹಾಕಿಕೊಂಡೇ ಮಾಡಿ, ಮನೆಯಲ್ಲಿ ಹಾಗೆಯೇ ಕೇಳುವುದಿದ್ದರೆ. ಸ್ಪೀಕರ್ ಕೇಳಲು ಹೋಗುವ ಮುಂಚೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳಿ. ಮಾತಿಗೆಂದು ಹೊಂದಿಸಿದ ಸಾಧನ ಒಮ್ಮೊಮ್ಮೆ ಕೊಳಲನ್ನೂ ಗದ್ದಲ ಅಂತ ಅದುಮಿಬಿಡುತ್ತದೆ.