ಎಂಟೇ ಜನರಿದ್ದರೂ ಡೂಪ್ಲಿಕೇಟ್ ನಡೆಯುತ್ತದೆ

ನಮ್ಮ ಕ್ಲಬ್ಬಿನಲ್ಲಿ ಬಹುಕಾಲದಿಂದ ನಡೆದುಬಂದದ್ದು ರಬ್ಬರ್ ಬ್ರಿಜ್ ಒಂದೇ: ಇಬ್ಬಿಬ್ಬರ ಎರಡು ಜೋಡಿ ಆಡುವ ಇಸ್ಪೀಟು, ಮೊದಲು ಎರಡು ಗೇಮು ಗೆದ್ದವರಿಗೆ ರಬ್ಬರ್. ಪಣ ಪಾಯಿಂಟಿಗೆ 10 ಪೈಸೆ. ಎದುರಾಳಿಗೆ ಒಂದು ಗೇಮನ್ನೂ ಕೊಡದೆ ರಬ್ಬರ್ ಗೆದ್ದರೆ ಸಿಗುವ 700ರ ಜೊತೆಗೆ ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಸ್ಲ್ಯಾಮಿನ, ಅಂದರೆ ನಾಲ್ವರೂ ಒಂದೊಂದು ಎಲೆ ಹಾಕುವ 13 ಟ್ರಿಕ್ಕುಗಳಲ್ಲಿ 12 ಹೇಳಿ ಗೆದ್ದದ್ದರ, 750 ಸೇರಿಬಿಟ್ಟರೆ, ಸೋತವರ ಜೇಬಿನಿಂದ ತಲಾ ನೂರೈವತ್ತು ರೂಪಾಯಿಗೂ ಹೆಚ್ಚು ಹೋಗುತ್ತಿತ್ತು. ಹೊಸಬರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟು, ಕೊನೆಗೆ ಉಳಿದವರು ಎಂಟು ಜನ.

ಮೊದಲು ಚಿಕಾಗೋ ಎಂಬ ಬ್ರಿಜ್ ಬಗೆಯನ್ನು ತಂದೆ. ನಾಲ್ಕು ಹಂಚಿಕೆಗೆ ಆಟ ಮುಗಿಯುವುದರಿಂದ, ಐದನೆಯವನಾಗಿ ಬಂದವನು ಮುಕ್ಕಾಲು ಗಂಟೆ ಪತ್ರಿಕೆ ತಿರುವುತ್ತ ಕೂರುವುದು ತಪ್ಪಿತು. ಆದರೆ ಎಲೆ ಬಿದ್ದವನೇ ಗೆಲ್ಲುತ್ತಾನೆಂಬ ಗೊಣಗಾಟ ಹಾಗೆಯೇ ಉಳಿಯಿತು.

ಅವೇ ಎಲೆಗಳನ್ನು ಪ್ರತಿ ಮೇಜಿನಲ್ಲೂ ಆಡಿಸಿ ಅಂಕ ಹೋಲಿಸುವ ಡೂಪ್ಲಿಕೇಟ್ ಮಾಡೋಣವೆಂದಾಗ ಹಿರಿಯರೊಬ್ಬರು, “ದುಡ್ಡಿಲ್ಲದ ಇಸ್ಪೀಟು ಉಪ್ಪಿಲ್ಲದ ಸಾರು ಕಣಯ್ಯಾ” ಎಂದು ನಕ್ಕರು. ಲಗ್ನಪತ್ರಿಕೆಯ ದಪ್ಪ ಲಕೋಟೆಗಳನ್ನು ರಟ್ಟಿಗೆ ಅಂಟಿಸಿ ನಾಲ್ವರ ಎಲೆಗಳನ್ನು ಬೇರೆಬೇರೆ ಜೇಬಿನಲ್ಲಿಟ್ಟು ಮೇಜಿನಿಂದ ಮೇಜಿಗೆ ಸಾಗಿಸುವ ಬೋರ್ಡುಗಳನ್ನು ನಾನೇ ತಯಾರಿಸಿದೆ. ಎರಡನೆಯ ವಾರಕ್ಕೆ ಅಂಟು ಬಿಟ್ಟು, ಒಬ್ಬರ ಎಲೆ ಪಕ್ಕದವರ ಜೇಬಿಗೆ ಜಾರಿ, ಒಂದು ಕೈಯಲ್ಲಿ 14, ಇನ್ನೊಂದರಲ್ಲಿ 12 ಎಲೆಗಳಾದವು. ಸುಮಾರು ನಾನೂರು ರೂಪಾಯಿ ನೀರಿಗೆ ಹೋಯಿತು. ಬಳಿಕ ಪ್ಲಾಸ್ಟಿಕ್ಕಿನ 24 ಬೋರ್ಡು ಮತ್ತು ಅಷ್ಟೇ ಕಟ್ಟು ಇಸ್ಪೀಟು ಕೊಳ್ಳಲು ಐದು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹಾಕಿದೆ.

ನಿಜವಾದ ಸೋಲು ಆಮೇಲೆ ಬಂತು. ಹೇಗೋ ಹನ್ನೆರಡು ಜನರನ್ನು ಕೂಡಿಸಿ ಮೂರು ಮೇಜಿನ ಹೋವೆಲ್ (ಪ್ರತಿ ಜೋಡಿಯೂ ಉಳಿದೆಲ್ಲ ಜೋಡಿಗಳನ್ನು ಎದುರಿಸುವ ಪಂದ್ಯ) ನಡೆಸಿದೆ: ಐದು ಸುತ್ತು, 20 ಬೋರ್ಡು, ಮ್ಯಾಚ್‌ಪಾಯಿಂಟ್. ಅದೇ ಹಿರಿಯರು ಒಂದು ವಲ್ನರಬಲ್ ಬೋರ್ಡಿನಲ್ಲಿ ಐದು ಡೈಮಂಡ್ (ಡೈಮಂಡ್ ತುರುಪಿನಲ್ಲಿ 11 ಟ್ರಿಕ್) ಹೇಳಿ, ಅಚ್ಚುಕಟ್ಟಾಗಿ ಆಡಿ 600 ತಂದರು. ಉಳಿದೆರಡು ಮೇಜಿನಲ್ಲಿ ಮೂರು ನೋಟ್ರಂಪ್ (ತುರುಪಿಲ್ಲದೆ 9 ಟ್ರಿಕ್) ಆಡಿ ಒಂದು ಟ್ರಿಕ್ ಹೆಚ್ಚಿಗೆ ಮಾಡಿ 630 ತಂದಿದ್ದರು. ಮ್ಯಾಚ್‌ಪಾಯಿಂಟಿನಲ್ಲಿ ಎಣಿಸುವುದು ಎಷ್ಟು ಜೋಡಿಯನ್ನು ಮೀರಿಸಿದಿರೆಂಬುದನ್ನು, ಎಷ್ಟು ಪಾಯಿಂಟಿನಿಂದ ಎಂಬುದನ್ನಲ್ಲ; ಇವರಿಗೆ ಸೊನ್ನೆ. ಜೀವಮಾನವೆಲ್ಲ ಗೇಮು ಭದ್ರಪಡಿಸುವುದನ್ನೇ ಕಲಿತವರಿಗೆ ಮೂವತ್ತು ಪಾಯಿಂಟಿನ ಈ ದಂಡನೆಯನ್ನು ಒಪ್ಪಿಸಲು ನನ್ನಿಂದಾಗಲಿಲ್ಲ. ಮುಂದಿನ ವಾರ ಮತ್ತೆ ಎಂಟೇ ಜನ ಬಂದರು.

ಆಗ ಹೊಳೆದದ್ದು ನಾಲ್ವರ ತಂಡದ ಪಂದ್ಯ. ಎರಡೇ ಮೇಜು, ಅವೇ ಬೋರ್ಡುಗಳು. ಒಂದು ಮೇಜಿನಲ್ಲಿ ನಮ್ಮ ತಂಡದ ಒಂದು ಜೋಡಿ ಉತ್ತರ–ದಕ್ಷಿಣ, ಇನ್ನೊಂದು ಮೇಜಿನಲ್ಲಿ ನಮ್ಮ ಇನ್ನೊಂದು ಜೋಡಿ ಪೂರ್ವ–ಪಶ್ಚಿಮ. ಎರಡು ಮೇಜಿನ ಅಂಕಗಳ ವ್ಯತ್ಯಾಸವನ್ನು ಕೋಷ್ಟಕದಂತೆ ಚಿಕ್ಕ ಅಂಕಗಳಾಗಿಸುವ ಐಎಂಪಿ (ಇಂಟರ್‌ನ್ಯಾಷನಲ್ ಮ್ಯಾಚ್ ಪಾಯಿಂಟ್) ಲೆಕ್ಕದಲ್ಲಿ ಆ 30ರ ವ್ಯತ್ಯಾಸಕ್ಕೆ ಹೋಗುವುದು ಕೇವಲ ಒಂದು ಐಎಂಪಿ. ಅದೇ ವಲ್ನರಬಲ್ ಆಗಿದ್ದು ನಾಲ್ಕು ಸ್ಪೇಡಿನ 620 ತರಬೇಕಾದಲ್ಲಿ ಮೂರಕ್ಕೆ ನಿಂತು 170 ತಂದರೆ ಹತ್ತು ಹೋಗುತ್ತದೆ. ರಬ್ಬರ್ ಆಡಿದವರ ಗೇಮಿನ ಹಸಿವಿಗೆ ಈ ಲೆಕ್ಕ ಸರಿಯಾಗಿ ಹೊಂದಿತು. ಎಂಟು ಜನರನ್ನು ಸಮಬಲದ ಎರಡು ತಂಡಗಳಾಗಿ ನಾನು ಹೇಗೆ ಒಡೆಯುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ತಿಳಿದರೆ ಮರುವಾರವೇ ಜಗಳ.

ನಡುವೆ ಒಮ್ಮೆ ಗೂಲಾಶ್ ಎಂಬ ಹಂಚಿಕೆಯನ್ನೂ ಪ್ರಯೋಗಿಸಿದೆ. ಎಲೆ ಕಲೆಸದೆ ಐದು, ಐದು, ಮೂರರಂತೆ ಹಂಚಿ ಬೋರ್ಡಿಗೆ ತುಂಬಿದೆ. ಒಂಬತ್ತೆಲೆಯ ಸೂಟುಗಳು ಬಂದು, ಒಂದೇ ಬೋರ್ಡು ಇಡೀ ಪಂದ್ಯವನ್ನು ನುಂಗಿತು. ಅಲ್ಲಿಗೆ ಕೈಬಿಟ್ಟೆ.

ಈಗ ಪಣದ ಬದಲು ತಲಾ 20 ರೂಪಾಯಿ ಮೇಜಿನ ಶುಲ್ಕ. ಕಾಫಿಗೆ ಕಳೆದು ವಾರಕ್ಕೆ ನೂರರಷ್ಟು ಉಳಿದು, ನನ್ನ ಐದು ಸಾವಿರ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ವಾಪಸು ಬಂತು. ಸಾರಿಗೆ ಉಪ್ಪಿಲ್ಲವೆಂದವರು ಈಗ ಅರ್ಧ ಗಂಟೆ ಮೊದಲೇ ಬಂದು ಬೋರ್ಡುಗಳನ್ನು ಒಂದರಿಂದ 24ರವರೆಗೆ ಜೋಡಿಸಿಡುತ್ತಾರೆ.